ಟ್ರಾಕ್ಟರ್ ನಿಮಗೆ, ಹುಲ್ಲಿನ ಮಷೀನು ನಮಗೆ

ಮಿರ್ಲೆ
3-12-2025, ಬುಧವಾರ

ಪ್ರೀತಿಯ ಮಂಗಳಕ್ಕನಿಗೆ ಭಾಗ್ಯ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಹ್ಯಾಂಡ್‌ಪೋಸ್ಟ್ ಕಡೆ ಈಗ ಬೆಳಗಿನ ಹೊತ್ತು ಮೈ ಕೊರೆಯುವ ಚಳಿಯಂತೆ, ತಣ್ಣೀರಿನಲ್ಲಿ ಪಾತ್ರೆ ತೊಳೆಯಲು ಕೂರಬೇಡಿ. ತವರಿನಲ್ಲಿ ಅಪ್ಪ ಅಮ್ಮ ನಿಮ್ಮನ್ನು ಗದರಿಸುವವರಲ್ಲ, ಅದಕ್ಕೇ ನಾನು ಇಲ್ಲಿಂದಲೇ ಗದರಿಸುತ್ತಿದ್ದೇನೆ. ಭಾವನವರು ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಸಾಗರ್ ಕಾಲೇಜಿಗೆ ಸರಿಯಾಗಿ ಹೋಗುತ್ತಿದ್ದಾನಾ? ನಮ್ಮ ಪುಟ್ಟಿ ಸ್ಕೂಲಿನಿಂದ ಬಂದವಳೇ "ದೊಡ್ಡಮ್ಮ ಯಾವಾಗ ಬತ್ತಾರೆ" ಅನ್ನುತ್ತಾಳೆ. ನಾನೇನು ಹೇಳಲಿ, "ಉಣ್ಣು ಬಾ" ಅನ್ನುತ್ತೇನೆ.

ಫೋನ್ ಇರುವಾಗ ಇವಳ್ಯಾಕೆ ಕಾಗದ ಬರೀತಾಳೆ ಅಂದುಕೊಳ್ಳಬೇಡಿ. ನಿಮ್ಮ ಫೋನ್ ಭಾವನವರ ಜೇಬಿನಲ್ಲಿರುತ್ತದೆ, ನಮ್ಮದು ಇವರ ಜೇಬಿನಲ್ಲಿ. ದಸರಾದಲ್ಲಿ ಮಾಡಿದಾಗ ಭಾವನವರೇ ಎತ್ತಿ "ಎಲ್ಲಾ ಸಂದಾಕಿದ್ದೀರಾ" ಅಂದರು, ನಾನು ಹ್ಞೂಂ ಅಂದೆ, ಅಷ್ಟಕ್ಕೇ ಫೋನ್ ಇಟ್ಟೆವು. ಪಕ್ಕದ ಮನೆ ಸುಂದ್ರಮ್ಮ ನಾಳೆ ಮಗಳ ಮನೆಗೆಂದು ಆ ಕಡೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ಸುದ್ದಿ ಏನೆಂದರೆ, ನಮ್ಮ ಹಳೇ ಹುಲ್ಲು ಸುತ್ತುವ ಮಷೀನು ರಿಪೇರಿಯಾಯಿತು. ಗೌರಿಹಬ್ಬ ಕಳೆದ ಮೇಲೆ ನಿಮ್ಮ ಮೈದುನ ಅದನ್ನು ಕೊಟ್ಟಿಗೆಯ ಹಿಂದಿನಿಂದ ನಾಲ್ಕು ಜನರನ್ನು ಹಿಡಿದು ಎಳೆಸಿ ಅಂಗಳಕ್ಕೆ ತಂದರು. ಒಳಗೆ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ರೋಲರುಗಳಿಗೆ ಹೋದ ವರ್ಷದ ಹುಲ್ಲು ಸುತ್ತಿಕೊಂಡು ಕೊಳೆತು ಗಟ್ಟಿಯಾಗಿತ್ತು, ಕುಡುಗೋಲಿನಲ್ಲಿ ಕೊಯ್ದು ಕೊಯ್ದು ತೆಗೆದರು. ಕೆಳಗಿನ ರೋಲರಿನ ಬೇರಿಂಗ್ ಹಿಡಿದುಕೊಂಡಿತ್ತು. ಹುಣಸೂರಿಗೆ ಹೋಗಿ ಕೇಳಿದರೆ ಈ ಹಳೇ ಮಾಡೆಲ್ಲಿಗೆ ಬರೋದೇ ಇಲ್ಲ ಅಂದರಂತೆ. ಕೆ.ಆರ್. ನಗರದಲ್ಲಿ ಲೇತಿನವರ ಹತ್ತಿರ ರೋಲರಿನ ತುದಿ ಉಜ್ಜಿಸಿ, ಬೇರೆ ಯಾವುದೋ ಬೇರಿಂಗ್ ಕೂರಿಸಿಕೊಂಡು ಬಂದರು. ಹುಲ್ಲು ಬಾಚುವ ಹಲ್ಲುಗಳು ಸೊಟ್ಟಗಾಗಿದ್ದವನ್ನು ನೇರ ಮಾಡಿದರು, ಮುರಿದವನ್ನು ಬದಲಾಯಿಸಿದರು. ದಾರ ಕತ್ತರಿಸುವ ಚಾಕುವನ್ನು ಕಲ್ಲಿಗೆ ಉಜ್ಜುತ್ತಾ "ನಿನ್ ನಾಲಿಗೆ ಅಷ್ಟೂ ಅರಿತ ಇಲ್ವಲ್ಲೇ ಇದು" ಅಂತ ನನ್ನನ್ನೇ ಅಣಕಿಸಿದರು. ಚೈನು ತೊಳೆಯಲು ನನ್ನ ಬಾಣಲೆ ಹೊತ್ತುಕೊಂಡು ಹೋಗಿ ಡೀಸೆಲ್ ಸುರಿದಿದ್ದಾರೆ, ಅದೂ ನೀವು ಕೊಟ್ಟಿದ್ದ ಬಾಣಲೆ. ಊಟಕ್ಕೆ ಕರೆದರೆ "ಇದೊಂದು ಬಿಗಿ ಮಾಡ್ಬುಟ್ಟು ಬತ್ತೀನಿ ಕಣೆ" ಅನ್ನುವುದು, ಮುದ್ದೆ ಆರಿ ತಣ್ಣಗಾಗುವುದು, ನಾನು ಕೂಗಾಡುವುದು, ಮೂರು ತಿಂಗಳು ಇದೇ ಆಯಿತು. ಕೊನೆಗೆ ಅದಕ್ಕೆ ಹಸಿರು ಬಣ್ಣ ಬೇರೆ ಹೊಡೆದರು. ನಮ್ಮ ಮನೆಯ ಬಾಗಿಲಿಗೆ ಬಣ್ಣ ಕಾಣಿಸಿ ಎಷ್ಟು ವರ್ಷವಾಯಿತೆಂದು ನಿಮಗೇ ಗೊತ್ತು.

ಆದರೆ ರಿಪೇರಿಯಾಗಿ ಏನು ಬಂತು ಅಕ್ಕ? ಅದಕ್ಕೆ ತನ್ನದೇ ಇಂಜಿನ್ ಇದೆಯಾ, ಮಣ್ಣಾ? ಟ್ರಾಕ್ಟರ್ ಹಿಂದೆ ಕಟ್ಟಿ ಎಳೆದರೆ ತಾನೆ ಅದು ತಿರುಗುವುದು, ಹುಲ್ಲು ಬಾಚುವುದು, ಸುತ್ತಿ ಉರುಳಿಸುವುದು? ಶಿವರಾತ್ರಿ ಕಳೆದು ಭಾಗ ಮಾಡಿದ ದಿನ ಜಗಲಿಯ ಮೇಲೆ ಅಷ್ಟು ಜನ ದೊಡ್ಡ ಮನುಷ್ಯರು ಕೂತಿದ್ದರಲ್ಲ, ಒಬ್ಬರಿಗಾದರೂ ಇದು ಹೊಳೆಯಬಾರದಿತ್ತಾ? ಭಾವನವರಿಗೆ ನಿಮ್ಮ ತವರಿನ ಹೊಲದಲ್ಲಿ ಶುಂಠಿ ಹಾಕುವ ಆಸೆ, ಇವರಿಗೆ ಭತ್ತ ಬಿಟ್ಟು ಬೇರೇನೂ ಬೇಡ, ಆ ಮಾತು ಬೆಳೆದು ಭಾಗದವರೆಗೆ ಬಂತು, ಅದನ್ನು ಯಾರೂ ತಡೆಯುವಂತಿರಲಿಲ್ಲ ಅನ್ನೋಣ. ಅಂಗಡಿ ವೀರಭದ್ರಸ್ವಾಮಿಯವರು ಅಂಗಳದಲ್ಲಿ ನಿಂತಿದ್ದ ಎರಡನ್ನೂ ನೋಡಿ "ಅದೊಂದು ಮಷೀನು, ಇದೊಂದು ಮಷೀನು, ದೊಡ್ಡೋನ್ಗೆ ಅದು, ಚಿಕ್ಕೋನ್ಗೆ ಇದು, ಸಮ ಆಯ್ತಲ್ಲ ಬುಡಿ" ಅಂದುಬಿಟ್ಟರು. ಅವರು ಮಾರುವುದು ಅಕ್ಕಿ ಬೇಳೆ, ಅವರನ್ನು ಅಂದು ಏನು ಪ್ರಯೋಜನ. ಇವರಿಬ್ಬರು ಬಾಯಿ ಬಿಡಬೇಕಿತ್ತು. ಭಾವನವರು "ತಮ್ಮ ಒಪ್ಪುದ್ರೆ ಸರಿ" ಅಂದರು. ಇವರು "ಅಣ್ಣ ಎಂಗೇಳುದ್ರೆ ಅಂಗೆ" ಅಂದರು. ಎರಡೂ ನೀನೇ ಇಟ್ಕೋ ಅಂತ ಅವರು ಹೇಳಲಿ ಎಂದು ಇವರು, ಇವರು ಹೇಳಲಿ ಎಂದು ಅವರು ಕಾದರು. ಅಡುಗೆಮನೆಯಲ್ಲಿ ಉಪ್ಪಿಟ್ಟು ಕಲಕುತ್ತಿದ್ದ ನೀವು ನನ್ನ ಮುಖ ನೋಡಿದಿರಿ. ವಾರಗಿತ್ತಿಯರು ಕಿತ್ತಾಡಿ ಮನೆ ಒಡೆಯುತ್ತಾರೆ ಎಂದು ಊರೆಲ್ಲ ಹೇಳುತ್ತದೆ. ನಾವು ಒಂದು ದಿನವೂ ಕಿತ್ತಾಡಲಿಲ್ಲ, ಮನೆ ಒಡೆಯಿತು.

ಹೋದ ವಾರ ಗದ್ದೆ ಕೊಯ್ಲಾಯಿತು. ಹುಲ್ಲು ಸಾಲುಸಾಲಾಗಿ ಬಿದ್ದಿದೆ, ಮೋಡ ಬೇರೆ ಹೆದರಿಸುತ್ತಿದೆ. ಸರಿ, ಪಕ್ಕದ ಬೀದಿಯವರ ಟ್ರಾಕ್ಟರ್ ಬಾಡಿಗೆಗೆ ಕರೆಸಿದರು. ಡ್ರೈವರ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ. ನಿಮಗೆ ನೆನಪಿದೆಯಲ್ಲ, ರೋಲು ತುಂಬಿತೆಂದು ಕೂಗುವ ಬಜರ್ ಯಾವ ಕಾಲಕ್ಕೋ ಕೆಟ್ಟುಹೋಗಿತ್ತು. ಆಗೆಲ್ಲ ಇವರು ಮಷೀನಿನ ಪಕ್ಕ ನಡೆಯುತ್ತಾ ಬೆರಳು ಮಡಚಿ ಸಿಳ್ಳೆ ಹೊಡೆಯುತ್ತಿದ್ದರು, ಭಾವನವರು ತಿರುಗಿಯೂ ನೋಡದೆ ಟ್ರಾಕ್ಟರ್ ನಿಲ್ಲಿಸುತ್ತಿದ್ದರು, ದಾರ ಸುತ್ತುತ್ತಿತ್ತು, ರೋಲು ಉರುಳುತ್ತಿತ್ತು. ಭೇರ್ಯದವರೆಗೂ ಜನ ತಮ್ಮ ಹುಲ್ಲು ಸುತ್ತಲು ಈ ಅಣ್ಣತಮ್ಮಂದಿರೇ ಬರಬೇಕೆಂದು ಕಾಯುತ್ತಿದ್ದರು. ಈ ಹುಡುಗನಿಗೆ ಸಿಳ್ಳೆ ಎಲ್ಲಿ ಕೇಳಬೇಕು? ತುಂಬಿದ ಮೇಲೂ ಎಳೆದುಕೊಂಡೇ ಹೋದ, ಎಳೆತ ತಾಳದೆ ಬೋಲ್ಟು ತುಂಡಾಯಿತು. ಬೇರೆ ಹಾಕಿದರು, ಅದೂ ತುಂಡಾಯಿತು. ಆಚೆ ಬಂದ ಒಂದೆರಡು ರೋಲು ಬಿಚ್ಚಿದ ಹಾಸಿಗೆಯ ಹಾಗೆ ಗದ್ದೆಯಲ್ಲಿ ಹರಡಿಕೊಂಡವು. ಸಂಜೆ ಇವರು ಕೈಕಾಲು ತೊಳೆದು ಬಂದು ಮಷೀನಿನ ಪಕ್ಕದಲ್ಲೇ ಕೂತರು. ನನಗೆ ಸಿಟ್ಟು ಬಂತು. "ಎಲ್ಲಾ ರಿಪೇರಿ ಮಾಡುದ್ರಿ, ಆ ಬಜರ್ ಒಂದ ಯಾಕೆ ಬುಟ್ರಿ? ಅದ್ನೂ ಆಕ್ಸಿದ್ರೆ ಯಾರ್ ಬೇಕಾದ್ರೂ ಓಡುಸ್ಬೋದಿತ್ತಲ್ಲ" ಅಂದೆ. "ಯಾರ್ ಬೇಕಾದ್ರೂ ಓಡ್ಸೋದಾದ್ರೆ ನಾನ್ಯಾಕೆ ಇಷ್ಟ್ ದಿನ ಇದ್ರ ಜೊತೆ ಒದ್ದಾಡ್ತಿದ್ದೆ" ಅಂದರು. ನಾನು ಒಳಗೆ ಬಂದು ಅತ್ತುಬಿಟ್ಟೆ.

ಮೊನ್ನೆ ಸೋಮವಾರ ಭೇರ್ಯದಿಂದ ಕಿರಣ್‌ಕುಮಾರ್ ಅನ್ನುವವನು ಮಷೀನು ನೋಡಲು ಬಂದಿದ್ದ. ಹಳೇ ಮಷೀನು ಕೊಂಡು ಬಾಡಿಗೆಗೆ ಓಡಿಸುತ್ತಾನಂತೆ. ನಿಮ್ಮ ಮೈದುನ ಒಂದು ಮಾತು ಚೌಕಾಸಿ ಮಾಡದೆ "ಶುಕ್ರವಾರ ಬಂದು ಎತ್ಕಂಡೋಗಿ" ಅಂದುಬಿಟ್ಟರು. ಅವನು ಹೋದ ಮೇಲೆ ಗ್ರೀಸ್ ಗನ್ ಹಿಡಿದು ಮತ್ತೊಂದು ಸಲ ಎಲ್ಲಾ ಕಡೆ ಗ್ರೀಸ್ ತುಂಬಿದರು. ಮದುವೆ ಗೊತ್ತಾದ ಹುಡುಗಿಗೆ ಎಣ್ಣೆ ಹಚ್ಚಿ ತಲೆ ಬಾಚುವವರ ಹಾಗೆ ಕಂಡರು ನನಗೆ. ಅವರ ಮುಖ ನೋಡಲಾಗುತ್ತಿಲ್ಲ ಅಕ್ಕ. ಒಬ್ಬರು ಒಂದು ಮಾತು ಆಡಿದ್ದರೆ ಈ ಗತಿ ಬರುತ್ತಿತ್ತಾ ಎಂದು ಒಲೆ ಮುಂದೆ ಕೂತಾಗಲೆಲ್ಲ ಒಬ್ಬಳೇ ಬೈದುಕೊಳ್ಳುತ್ತೇನೆ.

ನಿಮ್ಮ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸಿ. ಸಾಗರನಿಗೆ ಚಿಕ್ಕಮ್ಮನ ಆಶೀರ್ವಾದ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ, ಮರೆಯಬೇಡಿ. ಬೆಳಗಿನ ಬಸ್ಸಿಗೆ ಸುಂದ್ರಮ್ಮ ಹೊರಡುತ್ತಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ ನಿಮ್ಮ ತಂಗಿಯಂಥ
ಭಾಗ್ಯ

ಮ.ವಿ.: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮೊನ್ನೆ ಇವರು ಒಳಗೆ ಹೋಗಿದ್ದಾಗ ಆ ಕಿರಣ್‌ಕುಮಾರ್ ಮಜ್ಜಿಗೆ ಕುಡಿಯುತ್ತಾ ನನಗೆ ಹೇಳಿದ: "ಹ್ಯಾಂಡ್‌ಪೋಸ್ಟ್ ತಾವು ಇದಕ್ ಸರಿಯಾದ್ ಟ್ರಾಕ್ಟರ್ ಒಂದ ನೋಡ್ಕಂಡು ಬಂದಿವ್ನಿ ಕಣಕ್ಕ. ಮಡ್‌ಗಾರ್ಡ್ ಮೇಲೆ ದೊಡ್ಡತಾಯಮ್ಮ ಅಂತ ಬರ್ಸವ್ರೆ. ಶನಿವಾರ ಅದ್ನೂ ಎತ್ಕಬತ್ತೀನಿ." ನಮ್ಮ ಅತ್ತೆಯ ಹೆಸರು ಬರೆಸಿರುವ ಟ್ರಾಕ್ಟರ್ ಇನ್ನು ಯಾರದಿರುತ್ತದೆ? ಇಬ್ಬರೂ ಒಬ್ಬನಿಗೇ ಮಾರುತ್ತಿದ್ದಾರೆಂದು ಭಾವನವರಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ನಾನು ಇವರಿಗೆ ಹೇಳಿಲ್ಲ, ಹೇಳಿದರೆ ಅಣ್ಣನೇ ಮಾರಿದ ಮೇಲೆ ನನಗೇನು ಎಂದು ಹಟಕ್ಕೆ ಬಿದ್ದು ಇವತ್ತೇ ಕೊಟ್ಟುಬಿಡುತ್ತಾರೆ. ಸುಂದ್ರಮ್ಮನ ಜೊತೆ ನಿಮಗೆ ಕಳಿಸಿರುವ ಗೋಣಿಚೀಲದಲ್ಲಿ ಮೇಲೆ ಮಾತ್ರ ಅವರೆಕಾಯಿ. ಕೆಳಗೆ ಟ್ರಾಕ್ಟರಿನಿಂದ ಮಷೀನಿಗೆ ಓಟ ಕೊಡುವ ಶಾಫ್ಟ್ ಇದೆ, ಎರಡು ತುಂಡಾಗಿ ಬಿಚ್ಚಿ ಹಳೇ ಸೀರೆಯಲ್ಲಿ ಸುತ್ತಿದ್ದೇನೆ. ಈ ಮಾಡೆಲ್ಲಿಗೆ ಬೇರೆ ಕೂರುವುದಿಲ್ಲ, ಅದಿಲ್ಲದೆ ಅವನು ಮಷೀನು ಮುಟ್ಟುವುದಿಲ್ಲ. ಇವರು ಹುಡುಕಿದರೆ ನನಗೆ ಗೊತ್ತಿಲ್ಲ ಅನ್ನುತ್ತೇನೆ. ಅದನ್ನು ಭಾವನವರ ಮುಂದೆ ಇಡಿ, ಏನೂ ಹೇಳಬೇಡಿ, ಅವರಿಗೆ ಗುರುತು ಸಿಗುತ್ತದೆ. ಟ್ರಾಕ್ಟರ್ ಹತ್ತಿ ತಂದುಕೊಟ್ಟರೆ ಹುಲ್ಲು ಇನ್ನೂ ಗದ್ದೆಯಲ್ಲೇ ಇದೆ. ತರದಿದ್ದರೆ ನಿಮ್ಮ ಮಂಚದ ಕೆಳಗೆ ತಳ್ಳಿಬಿಡಿ, ತುಕ್ಕು ಹಿಡಿದರೂ ಚಿಂತೆಯಿಲ್ಲ. ಅವೆರಡು ಇನ್ನೊಬ್ಬರ ಅಂಗಳದಲ್ಲಿ ಜೊತೆಯಾಗಿ ಓಡುವುದನ್ನು ನಾನಂತೂ ನೋಡಲಾರೆ.