ನಾಲ್ಕನೆಯ ಮೆಟ್ಟಿಲು

ಗಂಗೊಳ್ಳಿ ಕಡಲಗೋಡೆ, ಮೂರನೆಯ ಬಾಗಿಲು
ಗೋಡೆ ಎದ್ದ ನೂರ ಹನ್ನೆರಡನೆಯ ವರ್ಷ, ಹದಿಮೂರನೆಯ ಚಾಂದ್ರಮಾಸದ ನಾಲ್ಕನೆಯ ದಿನ

ನಾಳೆ ಬೆಳಿಗ್ಗೆ ಸುರಕ್ಷತಾ ಸಭೆ ನಡೆಸಲಿರುವ ಮೇಸ್ತ್ರಿಯವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗೂ ನನಗೂ ನಡುವೆ ಆರು ತಲೆಮಾರುಗಳಿವೆ. ಅಷ್ಟರಲ್ಲಿ ಕಡಲು ಮೇಲೇರಿದೆ, ಮಾತೂ ಸರಿದಿದೆ. ನಮ್ಮಲ್ಲಿ ಕೆಲಸ ಬಿಡುವ ದಿನ ಪ್ರತಿ ಮೇಸ್ತ್ರಿಯೂ ಒಂದು ಹಿಂದೋಲೆ ಬರೆಯುತ್ತಾರೆ. ಹಿಂದಿನ ಕಾಲದವರಿಗೆ ಬರೆದು ಗೋಡೆಯ ಕಲ್ಲುಗಳ ಸಂದಿಯಲ್ಲಿ ಇಡುವ ಪತ್ರ ಅದು. ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ನಿಮ್ಮ ಕಾಲದ ಸುರಕ್ಷತಾ ಸಭೆಯೊಂದರ ಹಾಜರಿ ಪುಸ್ತಕ ನಮ್ಮ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿದೆ. ತೆರೆದಿಟ್ಟ ಪುಟದಲ್ಲಿ ಮೂವತ್ತೆರಡು ಸಹಿಗಳು. ಅವುಗಳಲ್ಲಿ ಇಪ್ಪತ್ತರದು ಒಂದೇ ಕೈಬರಹ. ಅಂಚಿನಲ್ಲಿ ಯಾರೋ ನಿದ್ದೆ ಹೋದ ಬೆಕ್ಕಿನ ಚಿತ್ರ ಬಿಡಿಸಿದ್ದಾರೆ. ಇಂಥ ಸಭೆಗೆ ಜೀವ ತುಂಬಬೇಕೆಂದು ನೀವು ಯೋಚಿಸುತ್ತಿರಬಹುದು. ನಾನೂ ಅದನ್ನೇ ಮಾಡಿದೆ.

ನಮ್ಮ ಬಾಗಿಲಿನಲ್ಲಿ ಹದಿನೇಳು ಜನ. ಇಳಿತದ ಹೊತ್ತಿಗೆ ಬಾಗಿಲೆತ್ತಿ ಒಳಗಿನ ನೀರನ್ನು ಹೊರಬಿಡುವುದು, ಸರಪಳಿಗೆ ಅಂಟಿದ ಚಿಪ್ಪು ಕೆರೆಯುವುದು, ಭರತಕ್ಕೆ ಮೊದಲು ಬಾಗಿಲು ಮುಚ್ಚುವುದು ನಮ್ಮ ಕೆಲಸ. ಬೆಳಿಗ್ಗೆ ಗಂಜಿಯ ಜೊತೆ ಸಭೆ. ಮೊದಮೊದಲು ನಾನು ನಿಯಮ ಓದುತ್ತಿದ್ದೆ, ಅವರು ಉಪ್ಪಿನಕಾಯಿ ಚೀಪುತ್ತಿದ್ದರು. ಆಮೇಲೆ ಉಳಿಗತೆ ಶುರುಮಾಡಿದೆ. ಹಿಂದಿನ ದಿನ ಕೂದಲೆಳೆಯಲ್ಲಿ ಪಾರಾದವರು ಎದ್ದು ನಿಂತು ಅದನ್ನು ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಒಂದು ಹುರಿದ ಬಂಗುಡೆ ಮೀನು.

ಬಂಗುಡೆ ಹೆಚ್ಚಾಗಿ ಐತ ಪೂಜಾರಿಯ ತಟ್ಟೆಗೇ ಹೋಗುತ್ತಿತ್ತು. ಏಡಿಯೊಂದು ಅವನ ಬೂಟು ಹಿಡಿದೆಳೆದ ಕತೆಯನ್ನು ಎಷ್ಟು ಸಲ ಕೇಳಿದೆವೋ. ಪ್ರತಿ ಸಲವೂ ಏಡಿ ಬೆಳೆದಿರುತ್ತಿತ್ತು. ಗಂಜಿ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದೆವು. ಒಂದು ವರ್ಷ ಯಾರೂ ಸಭೆ ತಪ್ಪಿಸಲಿಲ್ಲ. ಬೇರೆ ಬಾಗಿಲುಗಳ ಮೇಸ್ತ್ರಿಗಳು ನೋಡಿ ಕಲಿಯಲು ಬಂದರು. ನನಗೆ ಹೆಮ್ಮೆಯಾಗಿತ್ತು.

ಒಂದು ಬೆಳಿಗ್ಗೆ ಚಿಪ್ಪು ಕೆರೆಯುವ ಸೇಸಕ್ಕ ಎದ್ದರು. ಅದುವರೆಗೆ ಅವರು ಒಂದು ಕತೆಯನ್ನೂ ಹೇಳಿದವರಲ್ಲ.

"ಬಾವಿಯ ಏಣಿಯ ನಾಲ್ಕನೇ ಮೆಟ್ಟಿಲು ಅಲ್ಲಾಡ್ತದೆ," ಎಂದರು. ಸರಪಳಿ ಇಳಿಯುವ ಆಳದ ಗುಂಡಿಗೆ ನಾವು ಬಾವಿ ಎನ್ನುತ್ತೇವೆ.

"ಅಷ್ಟೇಯಾ ಸೇಸಕ್ಕ?" ಐತ ಕೇಳಿದ. "ಬಿದ್ರಾ, ಹಾರಿದ್ರಾ? ಸ್ವಲ್ಪ ಒಗ್ಗರಣೆ ಹಾಕಿ ಮಾರಾಯ್ರೆ!"

"ಬೀಳ್ಲಿಲ್ಲ. ಅಲ್ಲಾಡ್ತದೆ, ಅಷ್ಟೆ."

"ಹಾಗಾದ್ರೆ ನಿಮಗೆ ಬಂಗುಡೆಯ ತಲೆ ಮಾತ್ರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಐತನನ್ನು ಕರೆದೆ. ಅಂದು ಏಡಿ ಎಮ್ಮೆಯಷ್ಟಾಗಿತ್ತು.

ಹತ್ತು ಗಂಟೆಗೆ ಸರಪಳಿ ಸಿಕ್ಕಿಕೊಂಡಿತು. ಬಿಡಿಸಲು ಬಾವಿಗೆ ಇಳಿದವನು ಐತ. ನಾಲ್ಕನೆಯ ಮೆಟ್ಟಿಲು ಅವನ ಕಾಲಡಿ ಮುರಿದು ಅವನೊಂದಿಗೇ ಕೆಳಗೆ ಹೋಯಿತು. ನಾವು ಮೇಲಕ್ಕೆತ್ತಿದಾಗ ಅವನಲ್ಲಿ ಉಸಿರಿರಲಿಲ್ಲ.

ಮರುದಿನ ಗಂಜಿಯನ್ನು ಯಾರೂ ಮುಟ್ಟಲಿಲ್ಲ. ಸೇಸಕ್ಕ ನನ್ನನ್ನು ಬೈಯಲಿ ಎಂದು ಕಾದೆ. ಅವರು ಹೇಳಿದ್ದು ಇಷ್ಟೇ: "ನಾನು ಸ್ವಲ್ಪ ಚಂದ ಮಾಡಿ ಹೇಳ್ಬೇಕಿತ್ತು."

ಆ ಮಾತಿಗೆ ಉತ್ತರವಾಗಿ ನಾನು ಶುರುಮಾಡಿದ್ದು ಮುಟ್ಟುನಡೆ. ಯಾರು ಏನೇ ಹೇಳಲಿ, ರುಚಿಯಾಗಿಯೋ ಸಪ್ಪೆಯಾಗಿಯೋ, ಎಲ್ಲರೂ ಎದ್ದು ಆ ಜಾಗಕ್ಕೆ ನಡೆಯಬೇಕು. ಮುಟ್ಟಬಹುದಾದದ್ದನ್ನು ಮುಟ್ಟಿ ನೋಡಬೇಕು. ಅದು ಸರಿಯಾಗುವವರೆಗೆ ಕೆಲಸ ಶುರುವಾಗುವುದಿಲ್ಲ. ನಗು ನಿಂತಿಲ್ಲ, ದಾರಿಯುದ್ದಕ್ಕೂ ನಗುತ್ತೇವೆ. ಬಂಗುಡೆ ಈಗ ಎಲ್ಲರಿಗೂ ಒಂದೊಂದು. ಹನ್ನೆರಡು ವರ್ಷಗಳಲ್ಲಿ ನಾವು ಇನ್ನಾರನ್ನೂ ಕಳೆದುಕೊಂಡಿಲ್ಲ.

ನಾಳೆಯಿಂದ ಸಭೆ ನಡೆಸುವವಳು ಐತನ ಮಗಳು ದೇಯಿ. ಅಪ್ಪನಿಗಿಂತ ಚೆನ್ನಾಗಿ ಕತೆ ಹೇಳುತ್ತಾಳೆ. ನನಗಿರುವ ಹೆದರಿಕೆಯೂ ಅದೇ. ಇಂದು ಆ ಮುರಿದ ಮೆಟ್ಟಿಲನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಗಂಜಿ ಬಡಿಸುವ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಸಭೆಯಲ್ಲಿ ಕತೆ ಇರಲಿ, ನಗು ಇರಲಿ, ತಿಂಡಿಯೂ ಇರಲಿ. ಆದರೆ ಕೊನೆಯ ಸಾಲಿನಿಂದ ಯಾರಾದರೂ ಎದ್ದು, ಒಂದೇ ವಾಕ್ಯ ಹೇಳಿ ಕೂತರೆ, ಮುಂದಿನವರನ್ನು ಕರೆಯಬೇಡಿ. ಲೋಟ ಕೆಳಗಿಟ್ಟು ಅವರ ಜೊತೆ ನಡೆಯಿರಿ. ನಾವು ಕೂತಲ್ಲಿಂದ ಏಣಿಗೆ ನೂರು ಹೆಜ್ಜೆ. ಐತ ಹೋದ ಮೇಲೆ ಎಣಿಸಿದ್ದೇನೆ.

ಜಲಜ ಖಾರ್ವಿ