ಜಾಗೃತಿ ಜಾಥಾಕ್ಕೆ ಅಡ್ಡ ಬರುವ ನನ್ನ ತಂಗಿ

ಸೇರಿರುವ ಮಹಾಜನರೇ, ಕುರ್ಚಿ ಸಿಕ್ಕವರೇ, ಸಿಗದೆ ಹಿಂದೆ ನಿಂತವರೇ, ಸ್ವಲ್ಪ ಇತ್ತ ಕಿವಿಗೊಡಿ. ಈ ಪತ್ರ ನಿಮಗಲ್ಲ; ನಾಳಿನ ಆಟಿಸಂ ಜಾಗೃತಿ ಜಾಥಾ ನಡೆಸುತ್ತಿರುವ ಅಧಿಕಾರಿಗಳಿಗೆ. ಅವರಿಗೆ ಖಾಸಗಿಯಾಗಿ ಬರೆದ ಎರಡು ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಮೂರನೆಯದನ್ನು ನಿಮ್ಮೆದುರೇ ಓದುತ್ತಿದ್ದೇನೆ. ಸಾಕ್ಷಿಯಾಗಿರಿ.

ಮಾನ್ಯರೇ, ಆಟಿಸಂ ಇರುವವರ ಬಗ್ಗೆ ಜನರ ಕಣ್ಣು ತೆರೆಸಲೆಂದು ತಾವು ನಾಳೆ ಮುಚ್ಚಿಸುತ್ತಿರುವ ಬೀದಿ, ತೀವ್ರ ಆಟಿಸಂ ಇರುವ ನನ್ನ ತಂಗಿ ದಿನವೂ ನಡೆಯುವ ಬೀದಿ. ಇಂಥ ಸನ್ನಿವೇಶವನ್ನು ಪ್ರಹಸನ ಬರೆಯುವವನೂ ಕಲ್ಪಿಸಲಾರ.

ಅವಳಿಗೆ ಮೂವತ್ತೊಂದು ವರ್ಷ. ಮನೆಯವರಿಗೆ ಇಂದಿಗೂ ಪುಟ್ಟಿ. ಒಂದು ಮಾತೂ ಬರದು. ಹಲ್ಲುಜ್ಜಿಸಬೇಕು, ಸ್ನಾನ ಮಾಡಿಸಬೇಕು, ಬಟ್ಟೆ ತೊಡಿಸಬೇಕು; ನೋವು ಎಲ್ಲಿ ಎಂದರೆ ತೋರಿಸಲಾರಳು. ಬೆಳಿಗ್ಗೆ ಒಂಬತ್ತಕ್ಕೆ ಚಪ್ಪಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ತಲೆಗೆ ಮೆತ್ತನೆಯ ಹೆಲ್ಮೆಟ್ ಕಟ್ಟಿ ಹೊರಡುತ್ತೇವೆ. ಬೀಗ ರಿಪೇರಿ ಅಂಗಡಿಯಿಂದ ಅಂಚೆ ಡಬ್ಬಿಯವರೆಗೆ ಏಳು ಷಟರುಗಳು. ಪ್ರತಿಯೊಂದಕ್ಕೂ ಅಂಗೈ ಒತ್ತಿ, ಡಬ್ಬಿ ಮುಟ್ಟಿ ತಿರುಗುತ್ತಾಳೆ. ಅವಳು ಬಂದು ಹೋಗುವವರೆಗೆ ಬೀಗದವನು ಷಟರು ಎತ್ತುವುದಿಲ್ಲ. "ಮೇಡಂ ಇನ್ನೂ ಹಾಜರಿ ಹಾಕಿಲ್ಲ, ತಡೀರಿ," ಎಂದು ಗಿರಾಕಿಗಳನ್ನು ನಿಲ್ಲಿಸುತ್ತಾನೆ. ಅವನಿಗೆ ಇದನ್ನು ಯಾವ ಜಾಥಾ ಕಲಿಸಿತ್ತು?

ಒಂದು ದಿನ ಬೇರೆ ದಾರಿಯಲ್ಲಿ ಹೋದರೇನು ಎನ್ನುತ್ತೀರಿ. ಹೋದ ವರ್ಷ ಪೈಪು ಹಾಕಲು ಬೀದಿ ಅಗೆದಾಗ ಹೋಗಿ ನೋಡಿದ್ದೇವೆ. ನಲವತ್ತು ನಿಮಿಷ ಗೋಡೆಗೆ ತಲೆ ಚಚ್ಚಿಕೊಂಡಳು. ಹೆಲ್ಮೆಟಿನ ಪಟ್ಟಿ ಕಿತ್ತುಬಂತು, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು. ತಡೆಯಹೋದ ಅಮ್ಮನ ಮಣಿಕಟ್ಟು ಮುರಿಯಿತು. ಆಮೇಲೆ ಹನ್ನೊಂದು ದಿನ ಮಂಚದ ಕೆಳಗೇ ಉಳಿದಳು. ಅದು ಹಟವಲ್ಲ ಸ್ವಾಮಿ. ಅವಳ ಪಾಲಿಗೆ ನೆಲವೇ ಕುಸಿದಿತ್ತು.

ಇದನ್ನೆಲ್ಲ ಹೇಳಲು ಅಮ್ಮನೊಂದಿಗೆ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಒಂದು ದಿನ ಮನೆಯೊಳಗೇ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟು, ಇಂಥವರಿಗೋಸ್ಕರವೇ ತಾನೆ ಇಷ್ಟೆಲ್ಲ ಒದ್ದಾಡುತ್ತಿರುವುದು ಎಂದು ನಮ್ಮ ಮೇಲೇ ಮುನಿಸಿಕೊಂಡರು. ತಾವು ಮಾತ್ರ ಬಲು ಪ್ರೀತಿಯಿಂದ ವಿಚಾರಿಸಿದಿರಿ.

"ಇಂಥವರಲ್ಲಿ ಏನಾದ್ರೂ ಒಂದು ಪ್ರತಿಭೆ ಇದ್ದೇ ಇರುತ್ತಮ್ಮ. ಹಾಡ್ತಾರಾ, ಚಿತ್ರ ಬಿಡಿಸ್ತಾರಾ? ವೇದಿಕೆಗೆ ಕರೆಸೋಣ."

ಅಮ್ಮ ತಮ್ಮ ಮುಖವನ್ನೇ ನೋಡಿದಳು. "ಊಟ ಮಾಡ್ತಾಳೆ. ನಿದ್ದೆ ಬಂದ ದಿನ ಮಲಗ್ತಾಳೆ. ಅಷ್ಟೇ ಸ್ವಾಮಿ, ನಮ್ಮ ಹುಡುಗಿ ಪ್ರತಿಭೆ."

ತಾವು ಫೈಲು ಮುಚ್ಚಿದಿರಿ.

ತಮ್ಮ ಭಿತ್ತಿಪತ್ರದಲ್ಲಿ ನಗುತ್ತಿರುವ, ಆಟಿಸಂ ಇರುವ ಗಣಿತದ ಗಟ್ಟಿಗರಿಗೆ ನನ್ನ ನಮಸ್ಕಾರ. ಅವರ ಕಷ್ಟವೂ ಕಡಿಮೆಯದಲ್ಲ. ಆದರೆ ಚಪ್ಪಾಳೆ ಗಿಟ್ಟಿಸಲಾರದವರಿಗೆ ಬೀದಿಯೂ ಇಲ್ಲವೇ? ತಾನು ಯಾರೆಂದು ಹೇಳಿಕೊಳ್ಳಲಾರದವಳನ್ನು ಬಚ್ಚಿಟ್ಟು ತಾವು ಯಾರ ಬಗ್ಗೆ ಜಾಗೃತಿ ಮೂಡಿಸುತ್ತೀರಿ? ಇಪ್ಪತ್ತೈದು ವರ್ಷ ನಾಟಕ ಕಂಪನಿಯ ಅನ್ನ ತಿಂದಿದ್ದೇನೆ. ನಾಯಕಿಯನ್ನು ಮನೆಯಲ್ಲಿ ಕೂಡಿಹಾಕಿ ಪರದೆ ಎತ್ತಿದ ಕಂಪನಿಯನ್ನು ಇದೇ ಮೊದಲು ಕಾಣುತ್ತಿರುವುದು.

ನಮಗೆ ಬೇಕಾದದ್ದು ಷಟರುಗಳ ಪಕ್ಕ ಎರಡು ಮೊಳ ಜಾಗ, ಒಂಬತ್ತರಿಂದ ಹದಿನೈದು ನಿಮಿಷ ನಗಾರಿ ಮತ್ತು ಧ್ವನಿವರ್ಧಕಗಳಿಗೆ ವಿರಾಮ. ಸಾವಿರ ಜನ ಸುಮ್ಮನೆ ನಿಂತು ಒಬ್ಬಳಿಗೆ ದಾರಿ ಬಿಡಲಿ. ಆ ಹದಿನೈದು ನಿಮಿಷದಲ್ಲಿ ಅವರು ಕಲಿಯುವುದನ್ನು ತಮ್ಮ ಮೂರು ತಾಸಿನ ಭಾಷಣಗಳು ಕಲಿಸಲಾರವು. ಇದು ಕೃಪೆ ಕೋರುವ ಅರ್ಜಿಯಲ್ಲ. ಆದೇಶ ಇಂದು ಸಂಜೆಯೊಳಗೆ ಹೊರಡಬೇಕು.

ಹೊರಡದಿದ್ದರೂ, ನಾಳೆ ಬೆಳಿಗ್ಗೆ ಎಂಟೂವರೆಗೆ ನಾನೊಬ್ಬನೇ ಬಂದು ತಮ್ಮ ನಗಾರಿಯವರ ಎದುರು ನಿಲ್ಲುತ್ತೇನೆ. ಮೈಕಿಲ್ಲದೆ ಕೊನೆಯ ಸಾಲನ್ನು ಮುಟ್ಟುವ ಗಂಟಲು ನನ್ನದು. ನಾಳೆ ಅದನ್ನು ಬಳಸುವುದಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕಟ್ಟಕಡೆಯ ನಗಾರಿಯ ಕೋಲು ಕೆಳಗಿಳಿಯುವವರೆಗೆ ಕದಲದೆ ನಿಲ್ಲುತ್ತೇನೆ. ಆಮೇಲೆ ಅಮ್ಮ ಮನೆಯ ಬಾಗಿಲು ತೆಗೆಯುತ್ತಾಳೆ.

ಇಂತಿ,
ಮೂವತ್ತೊಂದು ವರ್ಷಗಳಿಂದ ಯಾವ ಜಾಥಾದ ನೆರವೂ ಇಲ್ಲದೆ ಜಾಗೃತನಾಗಿರುವ,
ಪುಟ್ಟಿಯ ಅಣ್ಣ