ಹಾಜರಿಗೆ ಮುಂಚೆ

ಗುರುವಾರ, ಇನ್ನೂ ಬೆಳಗಾಗಿಲ್ಲ

ಪ್ರೀತಿಯ ಅತ್ತೆಗೆ,

ಎರಡು ಗಂಟೆಗೆ ಎಚ್ಚರವಾಯಿತು. ಮಗು ಅತ್ತದ್ದಲ್ಲ, ಹಜಾರದಲ್ಲಿ ನಿಮ್ಮ ಮಗ ಬೂಟಿಗೆ ಬ್ರಷ್ ಉಜ್ಜುತ್ತಿದ್ದ ಸದ್ದು. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಅವರು ಬೂಟಿನ ಮೇಲೆ ತೀರಿಸಿಕೊಳ್ಳುತ್ತಾರೆಂದು ನಿಮಗೆ ನಾನು ಹೇಳಬೇಕೆ? ಫೋನಿನಲ್ಲಿ ಮಾತಾಡಿದರೆ ಅವರಿಗೆ ಕೇಳುತ್ತದೆ, ಈಗಷ್ಟೇ ಜ್ವರ ಇಳಿದ ಮಗುವೂ ಏಳುತ್ತದೆ. ಅದಕ್ಕೆ ಮೊಬೈಲಿನಲ್ಲೇ ಬರೆದು ಕಳಿಸುತ್ತಿದ್ದೇನೆ.

ಇವರ ತುಕಡಿಯಲ್ಲಿ ಒಬ್ಬ ಲಾರಿ ಚಾಲಕನಿದ್ದಾನೆ. ಸದಾ ಸಿಳ್ಳೆ ಹಾಕುತ್ತಾನೆಂದು ಎಲ್ಲರೂ ಸೀಟಿ ಎಂದೇ ಕರೆಯುತ್ತಾರೆ. ಹೋದ ವಾರ ಅವನ ತಾಯಿಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂತು. ರಜೆ, ಜೀಪು, ರೈಲಿನ ಟಿಕೆಟ್ಟು, ದಾರಿಗೆ ಊಟದ ಪೊಟ್ಟಣ, ಎಲ್ಲವನ್ನೂ ಇವರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೊಂದಿಸಿದರು. ಅಷ್ಟು ಚುರುಕಾಗಿ ಇನ್ನೊಬ್ಬರು ಮಾಡುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಕಚೇರಿಯಿಂದ ಹೊರಗೆ ಬಂದು ಅವನ ಮುಖ ನೋಡಲಿಲ್ಲ. ಅವನು ಊರು ಮುಟ್ಟುವಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದರು. ರಜೆ ಎರಡು ದಿನ ಹೆಚ್ಚಿಸಿದರು, ಅದನ್ನೂ ಗುಮಾಸ್ತನ ಕೈಲಿ ಹೇಳಿಸಿದರು.

ಆ ರಜೆ ನಿನ್ನೆ ಮುಗಿಯಿತು. ಬೆಳಿಗ್ಗೆ ಹಾಜರಿ ಕರೆದಾಗ ಅವನಿಲ್ಲದಿದ್ದರೆ ತಪ್ಪಿಸಿಕೊಂಡವನೆಂದು ಬರೆಯಬೇಕು. ಆಮೇಲೆ ಸೈನ್ಯದ ಪೊಲೀಸರೇ ಹೋಗಿ ಹಿಡಿದು ತರುತ್ತಾರೆ.

ನಮ್ ಸಾಹೇಬ್ರು ಲಾರಿಗೂ ನಮಗೂ ಒಂದೇ ಥರ ಎಣ್ಣೆ ಬಿಡ್ತಾರೆ, ಬಾನೆಟ್ ಎತ್ತಿ ನೋಡೋದೊಂದು ಬಾಕಿ ಅಂತ ಹುಡುಗರು ಆಡಿಕೊಳ್ಳುತ್ತಾರಂತೆ. ನಿನ್ನೆ ಸಂಜೆ ಹಳೆಯ ಹವಾಲ್ದಾರರು ಬಾಗಿಲಲ್ಲೇ ನಿಂತು, ಸೀಟೀನ ಬೈಯೋದಿದ್ರೆ ಬೈರಿ ಸಾಹೇಬ್ರೆ, ಆದ್ರೆ ನೀವೇ ಎದುರಿಗೆ ನಿಂತು ಬೈರಿ ಅಂದು ಹೋದರು. ಪೊಲೀಸರನ್ನ ಕಳಿಸೋ ಬದಲು ನೀವೇ ಹೋಗಿ ಕರಕೊಂಡು ಬನ್ನಿ ಅಂತ ನಾನೂ ಅಂದೆ. ಒಬ್ಬನಿಗೆ ಬಿಟ್ರೆ ನೂರು ಜನಕ್ಕೂ ಬಿಡಬೇಕಾಗುತ್ತೆ, ನಿನಗಿದೆಲ್ಲ ತಿಳಿಯಲ್ಲ ಅಂದರು. ನಿರ್ವಹಣೆಗೂ ನಾಯಕತ್ವಕ್ಕೂ ಇರುವ ವ್ಯತ್ಯಾಸದ ಬಗ್ಗೆ ಕಾಲೇಜಿನಲ್ಲಿ ಪುಟಗಟ್ಟಲೆ ಬರೆದು ಅಂಕ ತೆಗೆದವಳು ನಾನು. ಗಂಡ ಅಷ್ಟು ಅಂದದ್ದೇ ಮಗುವಿಗೆ ಔಷಧಿ ಕುಡಿಸಲು ಎದ್ದು ಹೋದೆ.

ಸೈನಿಕ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವರು ನೀವು. ಹೊದಿಕೆ ಎಲ್ಲರಿಗೂ ಎಣಿಸಿ ಹಂಚಬಹುದು ಕಣೆ, ಹೊದಿಸೋದು ಮಾತ್ರ ಒಬ್ಬೊಬ್ಬರಿಗೇ ಅಂತ ನೀವು ಅಂದದ್ದು ನನಗೆ ಈಗ ಅರ್ಥವಾಗುತ್ತಿದೆ.

ಇವರು ಕಲ್ಲುಮನಸ್ಸಿನವರಲ್ಲ ಅತ್ತೆ. ಆಗಲೇ ನಾನು ನೀರು ಕುಡಿಯಲು ಹೋದಾಗ, ಸೀಟಿ ನನ್ನೆದುರು ಅತ್ತುಬಿಟ್ಟಿದ್ರೆ ನಾನೇನು ಮಾಡಬೇಕಿತ್ತು ಅಂತ ಬ್ರಷ್ಷನ್ನು ಕೇಳುವ ಹಾಗೆ ಕೇಳಿದರು. ಈಗ ಎಲ್ಲಿದ್ದಾನೋ ಏನೋ ಅಂತಲೂ ಅಂದರು. ಮಗುವಿನ ಹಣೆ ಮುಟ್ಟಿ ನೋಡುವ ನೆವದಲ್ಲಿ ನಾನು ಒಳಗೆ ಬಂದುಬಿಟ್ಟೆ.

ನಿದ್ದೆಗೆಟ್ಟ
ನಿಮ್ಮ ಸೊಸೆ

ಮತ್ತೆ: ಇದು ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಸೀಟಿ, ಇವರಿಗೆ ಮಾಡಲು ಧೈರ್ಯ ಸಾಲದೆ, ನನಗೆ ಫೋನ್ ಮಾಡಿದ್ದ. ಗೇಟಿನಿಂದ ಕೂಗಳತೆಯ ಬಸ್ ನಿಲ್ದಾಣದಲ್ಲೇ ಕೂತಿದ್ದಾನೆ, ಒಳಗೆ ಬರಲು ಕಾಲೇ ಏಳುತ್ತಿಲ್ಲವಂತೆ. ನಾನು ಹೇಳಿದರೆ ಇವರು ಕಾವಲಿನವರಿಗೆ ಹೇಳಿ ಜೀಪು ಕಳಿಸುತ್ತಾರೆ, ಕೆಲಸ ಅಚ್ಚುಕಟ್ಟಾಗಿ ಮುಗಿಯುತ್ತದೆ. ನನಗೆ ಅದು ಬೇಡ. ಇವರೇ ನಡೆದು ಹೋಗಿ ಅವನ ಪಕ್ಕದಲ್ಲಿ ಒಂದು ಗಳಿಗೆ ಕೂರಬೇಕು. ನಾನು ಹೇಳಿದರೆ ಆಗದ್ದು ನೀವು ಹೇಳಿದರೆ ಆಗುತ್ತದೆ. ನಾಲ್ಕಕ್ಕೇ ಏಳುವವರು ನೀವು, ಕೈಮುಗಿಯುತ್ತೇನೆ ಅತ್ತೆ, ಬೆಳಗಾಗುವ ಮುಂಚೆ ಫೋನ್ ಮಾಡಿ. ನನಗಲ್ಲ, ನಿಮ್ಮ ಮಗನಿಗೆ.